ಬೆರಳು ಮೇಸ್ತ್ರಿಯ ಹೆಬ್ಬೆಟ್ಟು

ತಗಡು ಒತ್ತುವ ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಬೆರಳು ಮೇಸ್ತ್ರಿ ಎನ್ನುತ್ತಿದ್ದರು. ಅಕ್ಷರ ಅವನಿಗೆ ಒಲಿದಿರಲಿಲ್ಲ. ಬಾಳಿನಲ್ಲಿ ಕಲಿತದ್ದಷ್ಟೂ ಬೆರಳ ಮೇಲಿತ್ತು. ಹೊಸಬರು ಯಾರೇ ಬರಲಿ, ಯಂತ್ರ ಮುಟ್ಟಿಸುವ ಮೊದಲು ಅವರ ಬಲಗೈ ಹಿಡಿದು ಒಂದೊಂದೇ ಬೆರಳು ಮಡಿಸುತ್ತಿದ್ದ. ಕಿರುಬೆರಳು, ಹಂಚಿ ತಿನ್ನು. ಉಂಗುರದ ಬೆರಳು, ಬಿದ್ದವರನ್ನು ಎತ್ತು. ನಡುಬೆರಳು, ಕೊಟ್ಟ ಮಾತು ಉಳಿಸು. ತೋರುಬೆರಳು, ಕಂಡವರದ್ದಕ್ಕೆ ಕೈ ಹಾಕಬೇಡ. ಕೊನೆಗೆ ಹೆಬ್ಬೆಟ್ಟನ್ನು ಆ ನಾಲ್ಕರ ಮೇಲೆ ಅದುಮಿ, "ಇದು ಸತ್ಯ. ಇದಿಲ್ದೆ ಉಳಿದ ನಾಲ್ಕಕ್ಕೂ ಹಿಡಿತ ಇಲ್ಲ" ಎನ್ನುತ್ತಿದ್ದ.

ಆ ಶೆಡ್ಡಿನಲ್ಲಿದ್ದವರು ನಾಲ್ಕು ದೇಶದ, ಹತ್ತು ದೇವರ ಜನ. ಕಿಟಕಿ ತೆರೆಯುವುದಕ್ಕೂ ಮುಚ್ಚುವುದಕ್ಕೂ ಜಗಳ. ಈ ಐದರ ಬಗ್ಗೆ ಮಾತ್ರ ಯಾರೂ ತಕರಾರು ತೆಗೆದವರಲ್ಲ. "ನಮ್ಮಜ್ಜಿನೂ ಇದನ್ನೇ ಹೇಳ್ತಿದ್ಲು, ಹಗ್ಗಕ್ಕೆ ಐದು ಗಂಟು ಹಾಕಿ" ಎಂದು ಕಡಲಾಚೆಯಿಂದ ಬಂದ ವೆಲ್ಡರ್ ನಕ್ಕಿದ್ದ.

ಮೇಸ್ತ್ರಿ ಕೆಟ್ಟವನಲ್ಲ. ಅವನ ಮೇಲೆ ಸಿಟ್ಟು ಬರುವುದೇ ಅದಕ್ಕೆ. ಮಾಲು ಬೇಗ ಬೇಕೆಂದು ಮ್ಯಾನೇಜರ್ ಬೆನ್ನು ಹತ್ತಿದಾಗ, ಮೂರನೇ ಪ್ರೆಸ್ಸಿಗೆ ಕೈ ಹೋಗದಂತೆ ತಡೆಯುವ ಗಾರ್ಡನ್ನು ಸ್ಪ್ಯಾನರ್ ಹಿಡಿದು ಬಿಚ್ಚಿದವನು ಅವನೇ. "ಎರಡು ದಿನದ ಮಟ್ಟಿಗೆ. ಹುಷಾರಾಗಿರವ್ವ" ಎಂದು ಅಲ್ಲಿ ಕೂರುವ ಹುಡುಗಿಗೆ ಹೇಳಿದ. ನಾಲ್ಕು ತಿಂಗಳ ಹಿಂದೆ ಸೇರಿದವಳು, ಅವನನ್ನು ದೊಡ್ಡಪ್ಪ ಎಂದೇ ಕರೆಯುತ್ತಿದ್ದಳು. ಮರುದಿನ ಮಧ್ಯಾಹ್ನ ಪ್ರೆಸ್ಸು ಅವಳ ಬಲಗೈ ಮೇಲೆ ಇಳಿಯಿತು.

ವಿಚಾರಣೆಗೆ ಅಧಿಕಾರಿ ಬಂದರು. ಅದಕ್ಕೆ ಮೊದಲೇ ಮ್ಯಾನೇಜರ್ ಮೇಸ್ತ್ರಿಯನ್ನು ಒಳಗೆ ಕರೆದಿದ್ದ. "ಗಾರ್ಡ್ ಇತ್ತು, ಅವಳೇ ಬಿಚ್ಚಿದ್ಲು ಅನ್ನಿ. ಇಲ್ಲಾಂದ್ರೆ ಸ್ಪ್ಯಾನರ್ ಯಾರ ಕೈಲಿತ್ತು ಅಂತ ನಾನು ಹೇಳ್ಬೇಕಾಗತ್ತೆ. ಈ ವಯಸ್ಸಲ್ಲಿ ಜೈಲು ಯಾಕೆ?" ಹುಡುಗಿಗೆ ನ್ಯಾಯ ಸಿಗುವುದೂ ಬಿಡುವುದೂ ಈಗ ಮೇಸ್ತ್ರಿಯ ಒಂದು ಮಾತಿನ ಮೇಲೆ ನಿಂತಿತ್ತು.

ಮೂವತ್ತು ವರ್ಷ ಊರಿಗೆಲ್ಲ ಬುದ್ಧಿ ಹೇಳಿದ ಬಾಯಿ ಅಧಿಕಾರಿಯ ಮುಂದೆ ತೆರೆಯಿತು. "ಗಾರ್ಡ್ ಇತ್ತು ಸ್ವಾಮಿ. ಅವಳೇ ಬಿಚ್ಚಿದ್ಲು."

ಅಧಿಕಾರಿ ಬರೆದುಕೊಂಡರು, ಓದಿ ಹೇಳಿದರು, ಶಾಯಿಯ ಡಬ್ಬಿ ಮುಂದೆ ತಳ್ಳಿದರು. ಸಹಿ ಬಾರದ ಮೇಸ್ತ್ರಿ ಹೆಬ್ಬೆಟ್ಟು ಒತ್ತಿದ. ಆಮೇಲೆ ನಲ್ಲಿಯಡಿ ಎಷ್ಟು ಉಜ್ಜಿದರೂ ಆ ನೀಲಿ ಹೋಗಲಿಲ್ಲ.

ಸಂಜೆ ಆಸ್ಪತ್ರೆಗೆ ಹೋದ. ಹೋಗದಿದ್ದರೆ ಜನ ಏನೆಂದಾರು ಎಂದು ಹೋದನೋ, ಕರುಳು ತಡೆಯದೆ ಹೋದನೋ, ಅವನಿಗೇ ತಿಳಿಯದು. ಹಾಸಿಗೆಯ ಪಕ್ಕ ಹುಡುಗಿಯ ತಾಯಿ ಕೂತಿದ್ದಳು. ಹುಡುಗಿ ಬ್ಯಾಂಡೇಜಿನ ಕೈ ಎತ್ತಿದಳು. ಬಟ್ಟೆಯ ಹೊರಗೆ ಹೆಬ್ಬೆಟ್ಟೊಂದೇ ಕಾಣುತ್ತಿತ್ತು.

"ದೊಡ್ಡಪ್ಪ, ನಾಲ್ಕೂ ಹೋದ್ವು. ನಿಮ್ಮ ಸತ್ಯ ಮಾತ್ರ ಉಳೀತು ನೋಡಿ. ಭಯ ಪಡ್ಬೇಡ, ದೊಡ್ಡಪ್ಪ ಇದ್ದದ್ದು ಇದ್ದ ಹಾಗೆ ಹೇಳ್ತಾರೆ ಅಂತ ಅಮ್ಮಂಗೆ ಹೇಳ್ತಾನೇ ಇದೀನಿ. ವಿಚಾರಣೆಯವರು ನಿಮ್ಮನ್ನ ಕೇಳಿದ್ರಾ?"

"ಇನ್ನೂ ಇಲ್ಲವ್ವ" ಎಂದ ಮೇಸ್ತ್ರಿ, ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಹುದುಗಿಸಿಕೊಂಡು.

ತಾಯಿ ಎದ್ದು ಬಂದು ಆ ಕೈಯನ್ನು ಕಣ್ಣಿಗೊತ್ತಿಕೊಳ್ಳಲು ಹಿಡಿದಳು. "ಕೈ ಯಾಕಿಷ್ಟು ತಣ್ಣಗಿದೆ ಅಣ್ಣ?" ಎನ್ನುತ್ತ ಒಂದೊಂದೇ ಬೆರಳು ಬಿಡಿಸಿದಳು. ಕಿರುಬೆರಳು, ಉಂಗುರದ ಬೆರಳು, ನಡುಬೆರಳು, ತೋರುಬೆರಳು.

"ಇದೇನಣ್ಣ, ಶಾಯಿ?"

ಹುಡುಗಿ ಎತ್ತಿದ ಕೈಯನ್ನು ಮೆಲ್ಲಗೆ ಇಳಿಸಿದಳು.