ಅತ್ತಿಗೆ ಕಲಿಸಿದ ಪ್ರಶ್ನೆಗಳು

ಮೊನ್ನೆ ಸಂತೆಯಲ್ಲಿ ಸಬ್ಬಸಿಗೆ ಸೊಪ್ಪಿನ ಸಿವುಡನ್ನು ಚೀಲಕ್ಕೆ ಹಾಕಿಕೊಳ್ಳುವಾಗ ಅದರ ಘಮಲು ಮೂಗಿಗೆ ಬಡಿದು, ಪಕ್ಕದ ಮನೆಯ ಅತ್ತಿಗೆ ನೆನಪಾದರು. ನಾವು ಸಬ್ಬಸಿಗೆಯನ್ನು ಬೇಳೆಗೋ ರೊಟ್ಟಿ ಹಿಟ್ಟಿಗೋ ಹಾಕಿದರೆ, ಅವರು ಹಸಿಯಾಗಿಯೇ ಹೆಚ್ಚಿ, ಬೇಯಿಸಿದ ಆಲೂಗಡ್ಡೆಯ ಮೇಲೆ ಉದುರಿಸಿ, ಮೊಸರು ಸುರಿದುಕೊಂಡು ತಿನ್ನುತ್ತಿದ್ದರು. ಅವರ ಮೇಲೆ ಅನುಮಾನ ಪಡಲು ನಮ್ಮವ್ವನಿಗೆ ಅದೊಂದೇ ಸಾಕಾಗಿತ್ತು...

ತೊಂಬತ್ತರ ದಶಕದ ಮಾತು. ಕೊಟ್ಟೂರಿನ ನಮ್ಮ ಓಣಿಯ ಡಾಕ್ಟರಣ್ಣ ಸೋವಿಯತ್ ಕಾಲದಲ್ಲಿ ವೈದ್ಯಕೀಯ ಓದಲು ಹೋದವರು, ಲಿಥುವೇನಿಯಾದ ಹುಡುಗಿಯಾದ ಈ ಅತ್ತಿಗೆಯನ್ನು ಮದುವೆಯಾಗಿ ಬಂದಿದ್ದರು. ಆ ದೇಶದ ಹೆಸರು ಯಾರ ನಾಲಿಗೆಯಲ್ಲೂ ಹೊರಳದೆ ಊರೆಲ್ಲ ‘ರಷ್ಯಾದಾಕಿ’ ಎನ್ನುತ್ತಿತ್ತು. ಹಾಗೆಂದಾಗಲೆಲ್ಲ ಅವರ ಮುಖ ಕೆಂಪಗಾಗುತ್ತಿತ್ತು. ಬೇಹುಗಾರ್ತಿ ಎಂದವರೂ ಇದ್ದರು. ಕೊಟ್ಟೂರಿನಲ್ಲಿ ಬೇಹು ನಡೆಸಲು ಏನಿತ್ತೋ, ಶಿವನೇ ಬಲ್ಲ! ಹಾಗೆಂದು ನಾನೇನೂ ಕಡಿಮೆಯಿರಲಿಲ್ಲ. ನಮ್ಮದು ಅನುಮಾನದ ಮನೆತನವೇ. ಕಿರಾಣಿ ಅಂಗಡಿ ನಡೆಸುತ್ತಿದ್ದ ಅಪ್ಪ, ಬೇರೆಯವರು ತೂಗಿದ್ದನ್ನು ತಾವೂ ಒಮ್ಮೆ ತೂಗದೆ ಒಳಗಿಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅಪ್ಪ ಹಡಗಲಿಗೆ ಹೊರಟು ಹೊಸ್ತಿಲು ದಾಟಿದ್ದರು. ಎದುರಾದ ಅತ್ತಿಗೆ ನಗುನಗುತ್ತಾ, “ಎಲ್ಲಿಗೆ ಹೊಂಟ್ರಿ?” ಅಂದುಬಿಟ್ಟರು. ಅಪ್ಪ ಒಳಗೆ ಬಂದು, ಚಪ್ಪಲಿ ಬಿಟ್ಟು, ಕುಳಿತು ನೀರು ಕುಡಿದರು. ಅವ್ವ ಹೊರಗೆ ಹೋಗಿ ತಿದ್ದಿದಳು: “ಹೊಂಟೋರನ್ನ ಹಂಗ ಕೇಳಬಾರದವ. ದೂರ ಹೊಂಟ್ರೇನು ಅನಬೇಕು.”

ಅತ್ತಿಗೆ ಗಲ್ಲ ಗಲ್ಲ ಬಡಿದುಕೊಂಡರು. ಸಂಜೆ ನನ್ನ ಪಕ್ಕ ಕುಳಿತು, “ನಮ್ಮ ಭಾಷಾದಾಗೂ ಹಂಗ ತಂಗಿ, ದೊಡ್ಡೋರನ್ನ ನೆಟ್ಟಗ ಕೇಳಂಗಿಲ್ಲ. ಕಲೀತಿಯೇನು?” ಎಂದರು. ಪಿಯುಸಿ ಫೇಲಾಗಿ ಮನೆಯಲ್ಲಿದ್ದ ನನಗೆ ಬೇರೆ ಕೆಲಸವಾದರೂ ಏನಿತ್ತು?

ಪಾಠ ಶುರುವಾಯಿತು. ‘ಅತ್ಸಿಪ್ರಶೌ’ ಅಂದರೆ ಕ್ಷಮಿಸಿ. ‘ಆರ್ ಗಲೇಚೌ ಪಕ್ಲೌಸ್ತಿ’ ಅಂದರೆ ಒಂದು ಮಾತು ಕೇಳಬಹುದೇ. ‘ಕೈಪ್ ಯೂಸೂ ಸ್ವೇಯ್ಕತಾ’ ಅಂದರೆ ನಿಮ್ಮ ಆರೋಗ್ಯ ಹೇಗಿದೆ. ನಮ್ಮಲ್ಲಿ ನೀನು, ನೀವು ಇದ್ದ ಹಾಗೆ ಅಲ್ಲೂ ಹಿರಿಯರಿಗೆ ಬೇರೆಯೇ ಮಾತು. ಅವಸರ ಮಾಡಬಾರದು, ದನಿ ಏರಿಸಬಾರದು. ಸಾಲ ವಸೂಲಿಗೆ ಬಂದವಳ ಹಾಗೆ ಕೇಳುತ್ತೀಯ ಎಂದು ನನ್ನನ್ನು ಬೈಯುತ್ತಿದ್ದರು.

ವಾರಗಟ್ಟಲೆ ಇವೇ ಪ್ರಶ್ನೆಗಳು. ನನ್ನ ಹೆಸರು ಹೇಳುವುದನ್ನು ಕಲಿಸಲಿಲ್ಲ, ಹೌದು, ಇಲ್ಲ ಎನ್ನುವುದನ್ನೂ ಕಲಿಸಲಿಲ್ಲ. ಡಾಕ್ಟರಣ್ಣನ ಸ್ಕೂಟರ್ ಸದ್ದು ಕೇಳಿದ ಕೂಡಲೇ ಪಾಠ ನಿಂತು, ಕೈಗೆ ಸೊಪ್ಪು ಸೋಸುವ ಕೆಲಸ ಬರುತ್ತಿತ್ತು. ನನ್ನ ತಲೆಯಲ್ಲಿ ಹುಳ ಹೊಕ್ಕಿತು.

“ಪುಕ್ಕಟ ಯಾರ್ ಏನ್ ಕಲಿಸ್ತಾರ? ಆಕಿ ಮನಸಿನ್ಯಾಗ ಏನೋ ಐತಿ, ಹುಷಾರು,” ಎಂದಳು ಅವ್ವ. ನಾನು ಊಹಿಸಿದ್ದು ಅದಕ್ಕಿಂತ ಕೆಟ್ಟದ್ದು. ಅಲ್ಲಿ ಯಾರೋ ಹಳೆಯ ಗೆಳೆಯನಿರಬೇಕು, ನನ್ನನ್ನು ನಡುವೆ ನಿಲ್ಲಿಸಿ ಮಾತಾಡಿಸುತ್ತಾರೆ ಅಂದುಕೊಂಡೆ. ಆದರೂ ಹೋಗುವುದನ್ನು ಬಿಡಲಿಲ್ಲ, ಕುತೂಹಲ ಬಿಡಬೇಕಲ್ಲ!

ಒಂದು ದಿನ ರವಿಕೆ ಬಟ್ಟೆ ತರುವ ನೆಪ ಹೇಳಿ ನನ್ನನ್ನು ಹಗರಿಬೊಮ್ಮನಹಳ್ಳಿಗೆ ಬಸ್ಸು ಹತ್ತಿಸಿದರು. ಬಟ್ಟೆ ಅಂಗಡಿಯ ಕಡೆ ತಿರುಗಿಯೂ ನೋಡದೆ ನೇರ ಎಸ್‌ಟಿಡಿ ಬೂತಿಗೆ ನುಗ್ಗಿದರು. ಕೊಟ್ಟೂರಿನಲ್ಲೇ ಬೂತ್ ಇರುವಾಗ ಇಲ್ಲಿಗ್ಯಾಕೆ? ಗಾಜಿನ ಬಾಗಿಲು ಹಾಕಿಕೊಂಡು, “ಹೆಂಗಸಿನ ದನಿ ಬಂದ್ರ ಕೇಳು. ನನ್ನ ಹೆಸರು ಎತ್ತಬ್ಯಾಡ,” ಎಂದರು.

“ಯಾರ್ರಿ ಅದು? ಮೊದಲು ಹೇಳ್ರಿ ಅತ್ತಿಗಿ. ಇಲ್ಲಂದ್ರ ನಾ ಮಾತಾಡಂಗಿಲ್ಲ.”

ಅವರು ರಿಸೀವರನ್ನು ಎದೆಗೆ ಒತ್ತಿ ಹಿಡಿದರು. “ನಮ್ಮವ್ವ. ನನ್ನ ದನಿ ಕೇಳಿದ್ರ ಇಟ್ಟುಬಿಡ್ತಾಳ. ಆರಾಮದಾಳೋ ಇಲ್ಲೋ, ಅಷ್ಟ ಗೊತ್ತಾಗಬೇಕು ತಂಗಿ.”

ಈ ಮದುವೆ ಅವರ ತಾಯಿಗೆ ಬೇಡವಾಗಿತ್ತಂತೆ. ಅಂದು ಆ ಮನೆಯಲ್ಲಿ ಅವಮಾನಪಟ್ಟ ಡಾಕ್ಟರಣ್ಣ, ಆ ಕಡೆಯ ಸುದ್ದಿಯೇ ಬೇಡ ಎಂದುಬಿಟ್ಟಿದ್ದರಂತೆ. ನಾನು ಅರ್ಧ ನಂಬಿದೆ.

ಫೋನ್ ಎತ್ತಿದ್ದು ಮುದುಕಿಯೇ. ಕಲಿತದ್ದನ್ನು ಒಂದೊಂದಾಗಿ ಕೇಳಿದೆ. ಆ ಕಡೆಯಿಂದ ಚುರುಕಾದ ಒಂದು ಮಾತು ಬಂತು. ಭಾಷೆ ತಿಳಿಯದಿದ್ದರೂ ಧಾಟಿ ತಿಳಿಯಿತು, ಥೇಟ್ ನಮ್ಮವ್ವನದು, ಯಾರು ನೀನು, ನಿನಗ್ಯಾಕೆ ಎನ್ನುವಂಥದ್ದು. ನಾನು ಮತ್ತೆ, ಇನ್ನೂ ಮೆತ್ತಗೆ, ಆರೋಗ್ಯ ಕೇಳಿದೆ. ಆಮೇಲೆ ಮುದುಕಿ ನಿಧಾನವಾಗಿ ಏನೇನೋ ಹೇಳತೊಡಗಿದರು. ಅತ್ತಿಗೆ ನನ್ನ ಕೆನ್ನೆಗೆ ಕೆನ್ನೆ ಒತ್ತಿ, ಬಾಯಿಗೆ ಸೆರಗು ತುರುಕಿಕೊಂಡು ಕೇಳುತ್ತಿದ್ದರು. ಕೊನೆಗೆ ಮುದುಕಿಯೇ ನನ್ನನ್ನು ಏನೋ ಕೇಳಿದರು. ಇನ್ನೊಮ್ಮೆ ಕೇಳಿದರು. ನಾನು ಕಲಿತದ್ದು ಪ್ರಶ್ನೆಗಳನ್ನಷ್ಟೇ. ಫೋನ್ ಇಟ್ಟ ಸದ್ದಾಯಿತು.

ವಾಪಸು ಬಸ್ಸಿನಲ್ಲಿ ಕೂಡ್ಲಿಗಿ ರಸ್ತೆಯ ತಿರುವು ದಾಟಿದ ಮೇಲೆ ಅತ್ತಿಗೆ ಬಾಯಿಬಿಟ್ಟರು. “ಮೊಣಕಾಲು ನೋವು ಅಂತ. ಮತ್ತ... ಆಕಿ ಸರಿಯಾಗಿ ಉಣ್ತಾಳೇನು, ಅಂತ ಕೇಳಿದ್ಲು.”

ಆ ಮುದುಕಿ ಅನುಮಾನದಲ್ಲಿ ನಮ್ಮ ಮನೆಯವರನ್ನೂ ಮೀರಿಸಿದ್ದರು. ಪರದೇಶದ ಹುಡುಗಿಯೊಬ್ಬಳು ತನ್ನ ಭಾಷೆಯಲ್ಲಿ ಇಷ್ಟು ನಯವಾಗಿ ಆರೋಗ್ಯ ಕೇಳಬೇಕಾದರೆ, ಬೆನ್ನ ಹಿಂದೆ ಮಗಳಿಲ್ಲದೆ ಮತ್ತ್ಯಾರು?

ಮರುದಿನ ಅತ್ತಿಗೆ ಮೊದಲ ಬಾರಿಗೆ ಒಂದು ಉತ್ತರ ಕಲಿಸಿದರು. ‘ತೈಪ್, ಗೆರಾಯ್ ವಾಲ್ಗೊ.’ ಹೌದು, ಚೆನ್ನಾಗಿ ಉಣ್ಣುತ್ತಾಳೆ. “ಇಷ್ಟು ನೀ ಹೇಳು ತಂಗಿ. ಆಮ್ಯಾಲ ನಾನ ಮಾತಾಡ್ತೇನಿ,” ಎಂದರು. ಮುಖದಲ್ಲಿ ಅಂಥ ಕಳೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಸುಮ್ಮನೆ ಬಂದು ಹೋಗುವಾಗಲೂ ಅದನ್ನು ನನ್ನಿಂದ ಒಪ್ಪಿಸಿಕೊಳ್ಳುತ್ತಿದ್ದರು.

ಅತ್ತಿಗೆಯ ಮಗುವಿಗೆ ಜ್ವರ, ಮನೆಗೆ ನೆಂಟರು, ಹಬ್ಬ ಎಂದು ದಿನಗಳು ಜಾರಿದವು. ದೀಪಾವಳಿ ಕಳೆದ ಮೇಲೆ ಮತ್ತೆ ಹಗರಿಬೊಮ್ಮನಹಳ್ಳಿಗೆ ಹೋದೆವು. ಈ ಸಲ ಗಂಡಸಿನ ದನಿ ಬಂತು. ನಾನು ನಯವಾಗಿಯೇ ಕೇಳಿದೆ. ಅವನು ಎರಡು ಮಾತು ಹೇಳಿದ. ಅತ್ತಿಗೆ ನನ್ನ ಕೈಯಿಂದ ರಿಸೀವರ್ ಕಸಿದುಕೊಂಡು, ‘ಮಾಮ, ಮಾಮ’ ಎಂದು ತಮ್ಮ ಭಾಷೆಯಲ್ಲಿ ಅವ್ವನನ್ನು ಕೂಗಿದರು. ಮುದುಕಿ ಇನ್ನಿಲ್ಲ ಎಂಬುದನ್ನು ಯಾರೂ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಈಗ ಅತ್ತಿಗೆಯೂ ಇಲ್ಲ. ಕೊಟ್ಟೂರಿನ ಮಣ್ಣಿನಲ್ಲೇ ಮಲಗಿದ್ದಾರೆ. ಅವರು ನನ್ನ ಬಾಯಿಗೆ ಹಾಕಿಕೊಟ್ಟ ಆ ಒಂದು ಉತ್ತರವನ್ನು ನಾನು ಯಾರಿಗೂ ಹೇಳಲೇ ಇಲ್ಲ.