ಹಸುವಿನ ಪಾಲಿನ ಸೊಪ್ಪು

ನವಿಲುಕೋಸಿನ ಗೆಡ್ಡೆ ಇಟ್ಟುಕೊಂಡು ಸೊಪ್ಪು ಬಿಸಾಡುವವರನ್ನು ಕಂಡರೆ ನನಗೆ ಈಗಲೂ ಮೈಯುರಿಯುತ್ತದೆ. ಗೆಡ್ಡೆಯಲ್ಲಿ ಏನಿದೆ, ನೀರು. ರುಚಿಯೆಲ್ಲ ಸೊಪ್ಪಿನಲ್ಲಿದೆ. ಇದನ್ನು ನಮ್ಮತ್ತೆಗೆ ಹೇಳಿ ಹೇಳಿ ನನ್ನ ಬಾಯಿ ಸವೆಯಿತು.

ನನ್ನ ತವರಿನವರಿಗೆ ಕೆಂಪಾಂಬುಧಿ ಕೆರೆಯ ಕೆಳಗೆ ತರಕಾರಿ ತೋಟವಿತ್ತು. ಗೆಡ್ಡೆಯೆಲ್ಲ ಮಾರಾಟಕ್ಕೆ ಹೋಗುತ್ತಿತ್ತು, ಮನೆಗೆ ಉಳಿಯುತ್ತಿದ್ದದ್ದು ಸೊಪ್ಪು. ಮೂಲಂಗಿ ಸೊಪ್ಪು, ಕುಂಬಳದ ಕುಡಿ, ನವಿಲುಕೋಸಿನ ಎಲೆ ತಿಂದೇ ಬೆಳೆದೆವು. ಗಂಡನ ಮನೆಯವರು ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟವರು. ಪ್ಲೇಗು ಬಂದ ಮೇಲೆ ಪೇಟೆಯ ಮನೆ ಬಿಟ್ಟು ಚಾಮರಾಜಪೇಟೆಗೆ ಬಂದಿದ್ದರು. ದೊಡ್ಡ ಹಿತ್ತಲು, ಒಂದು ಹಸು. ಅತ್ತೆ ಹಿತ್ತಲಲ್ಲಿ ನವಿಲುಕೋಸು ಹಾಕಿಸಿದರು. ಗೆಡ್ಡೆ ಅಡುಗೆಮನೆಗೆ, ಸೊಪ್ಪು ಹಸುವಿಗೆ. ಹಸು ತಿನ್ನುವುದನ್ನು ಮನುಷ್ಯರು ತಿನ್ನಬಾರದಂತೆ. ಹಸು ಬಾಳೆಹಣ್ಣೂ ತಿನ್ನುತ್ತದೆ, ಅದನ್ನು ಮಾತ್ರ ನಾವೂ ತಿನ್ನಬಹುದಂತೆ.

ನಾನು ಮೊದಲ ಸಲ ಬಸುರಿಯಾದೆ. ನನ್ನ ಅಮ್ಮ ಪ್ಲೇಗಿನಲ್ಲೇ ಹೋಗಿದ್ದಳು, ಬಯಕೆ ಬಾಣಂತನ ಎರಡೂ ಅತ್ತೆಯದೇ ಆಯಿತು. ಬಸುರಿಯ ಬಯಕೆ ತೀರದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎಂದು ನಂಬಿದ್ದ ಕಾಲ. ಏಳನೇ ತಿಂಗಳಲ್ಲಿ ಅತ್ತೆ ಬಂದು ಕೇಳಿದರು.

"ಏನು ತಿನ್ಬೇಕು ಅನ್ಸುತ್ತೆ, ಬಾಯಿಬಿಟ್ಟು ಹೇಳೇ."

"ನವಿಲುಕೋಸಿನ ಸೊಪ್ಪಿನ ಪಲ್ಯ ಅತ್ತೆ. ಬೇಳೆ ಹಾಕಿ, ಬೆಳ್ಳುಳ್ಳಿ ಒಗ್ಗರಣೆ."

"ಥೂ! ಎದುರುಮನೆ ಅಮಲ್ದಾರ್ರ ಹೆಂಡ್ತಿ ಕೇಳಿದ್ರೆ ಸೊಸೆಗೆ ಮೇವು ಹಾಕಿದೀನಿ ಅಂತ ಹೇಳ್ಲಾ? ಇನ್ನೊಂದು ಹೇಳು."

"ಇನ್ನೊಂದಿಲ್ಲ."

"ಹೋಳಿಗೆ ಮಾಡ್ಸ್ತೀನಿ" ಎಂದು ಅವರೇ ತೀರ್ಮಾನ ಮಾಡಿದರು.

ಬಯಕೆಯ ಊಟದ ದಿನ ಬಂತು. ಬೆಳಿಗ್ಗೆ ಅತ್ತೆ ಹೋಳಿಗೆಗೆ ಬೇಳೆ ಬೇಯಿಸಿ, ಬಸಿದ ಕಟ್ಟನ್ನು ಸಾರಿಗೆಂದು ತಪ್ಪಲೆಯಲ್ಲಿ ಎತ್ತಿಟ್ಟರು. ಆಮೇಲೆ ಕುಂಕುಮದ ಬಟ್ಟಲು ಹಿಡಿದು ಮನೆಮನೆಗೆ ಕರೆಯಲು ಹೋದರು. ಅಷ್ಟೇ ಸಾಕಾಗಿತ್ತು ನನಗೆ. ಹಸುವಿನ ಮುಂದಿನಿಂದ ಒಂದು ಮಡಿಲು ಸೊಪ್ಪು ತಂದು, ತೊಳೆದು ಹೆಚ್ಚಿ, ಒಂದು ಹಿಡಿ ಬೇಳೆಯ ಜೊತೆ ಬೇಯಿಸಿದೆ. ನೀರನ್ನು ಚಟ್ಟಿಗೆ ಬಸಿದೆ. ಒಗ್ಗರಣೆಗೆ ಬೆಳ್ಳುಳ್ಳಿ ಜಜ್ಜುತ್ತಿದ್ದೆ, ಬೀದಿಬಾಗಿಲು ಕಿರುಗುಟ್ಟಿತು. ಬೆಂದ ಸೊಪ್ಪನ್ನು ಅಷ್ಟೂ ಹಸುವಿನ ಕಲಗಚ್ಚಿನ ಬಾನಿಗೆ ಸುರಿದುಬಿಟ್ಟೆ. ಒಂದು ಎಳೆಯೂ ನಾಲಗೆಗೆ ತಾಗಲಿಲ್ಲ. ಬಸಿದ ನೀರನ್ನು ಮಾತ್ರ ಮರೆತೆ.

ಅತ್ತೆ ಬಂದವರೇ ಎರಡು ಪಾತ್ರೆಯಲ್ಲಿ ಕಟ್ಟು ಕಂಡರು. ತಾವೇ ಎರಡರಲ್ಲಿ ಬಸಿದಿರಬೇಕು ಎಂದುಕೊಂಡು ಎರಡನ್ನೂ ಕೂಡಿಸಿ ಹೋಳಿಗೆ ಸಾರು ಕಾಯಿಸಿದರು.

ಮಧ್ಯಾಹ್ನ ಹಸಿರು ಬಳೆ ತೊಡಿಸಿ ನನ್ನನ್ನು ಮಣೆಯ ಮೇಲೆ ಕೂರಿಸಿದರು. ಅಮಲ್ದಾರರ ಹೆಂಡತಿ ಮೂರನೇ ಸಲ ಸಾರು ಹಾಕಿಸಿಕೊಂಡರು.

"ಏನ್ರೀ, ಸಾರು ಇಷ್ಟು ಘಮ್ಮಂತಿದೆ! ಏನು ಹಾಕಿದೀರಿ?"

"ಎಲ್ಲ ಕೈಗುಣ ಕಣ್ರೀ" ಎಂದರು ನಮ್ಮತ್ತೆ.

ನನಗೆ ತಡೆಯಲಾಗಲಿಲ್ಲ. "ಹಸೂಗೆ ಹಾಕೋ ನವಿಲುಕೋಸಿನ ಸೊಪ್ಪಿನ ನೀರು ಹಾಕಿದಾರೆ" ಎಂದೆ.

ಸಾಲಿನಲ್ಲಿ ಕೂತವರೆಲ್ಲ ನಕ್ಕರು. ಅತ್ತೆಯೂ ನಕ್ಕರು. "ಬಸುರಿ ಹುಡುಗಿ, ತಮಾಷೆ ಮಾಡ್ತಾಳೆ" ಎಂದರು. ನಾನು ಹೋಳಿಗೆ ತಿಂದೆ.

ಎಲ್ಲರೂ ಹೋದ ಮೇಲೆ ಅತ್ತೆ ನನ್ನ ಪಕ್ಕ ಬಂದು ಕೂತು ಮೆಲ್ಲಗೆ ಕೇಳಿದರು. "ನಿಜವೇನೇ?"

"ನಿಜ."

ಎದ್ದು ಹೋಗಿ ತಪ್ಪಲೆಯ ತಳದಲ್ಲಿ ಉಳಿದಿದ್ದ ಸಾರಿಗೆ ಬೆರಳು ಅದ್ದಿ ನೆಕ್ಕಿ ನೋಡಿದರು. ಕೊನೆಗೂ ಸೊಪ್ಪು ಅಡುಗೆಮನೆಗೆ ಬಂತು ಎಂದುಕೊಂಡೆ.

"ಹಾಗಾದ್ರೆ ನಾಳೆಯಿಂದ ಬೇಯಿಸಿ ನೀರು ಬಸಿದುಕೊಡು, ಸಾರಿಗಾಗುತ್ತೆ. ಸೊಪ್ಪು ಹಸೂಗೆ ಹಾಕು."

ಹಾಗೇ ನಡೆಯಿತು. ಎರಡು ತಿಂಗಳು ನಾನು ಬೇಯಿಸಿದೆ, ಅವರು ಹೊಗಳಿಸಿಕೊಂಡರು, ಹಸು ತಿಂದಿತು. ಬೇಯಿಸಿಕೊಟ್ಟ ಮೇವು ತಿನ್ನುವ ಹಸು ಇಡೀ ಚಾಮರಾಜಪೇಟೆಯಲ್ಲಿ ಅದೊಂದೇ ಇದ್ದಿರಬೇಕು. ಒಂದು ತುತ್ತು ಬಾಯಿಗೆ ಹಾಕಿಕೊಳ್ಳೋಣ ಎಂದರೆ ಅತ್ತೆ ಒಲೆಯ ಮುಂದಿನಿಂದ ಏಳುತ್ತಿರಲಿಲ್ಲ.

ಮಗಳು ಹುಟ್ಟಿದಳು. ಎರಡನೇ ತಿಂಗಳಲ್ಲಿ ಅವಳ ಕಿವಿ ಸೋರಿತು. ಎಷ್ಟೋ ಮಕ್ಕಳ ಕಿವಿ ಸೋರುತ್ತದೆ, ನಾನು ಹೆದರಲಿಲ್ಲ. ಅತ್ತೆ ಹೆದರಿದರು. ಯಾರಿಗೂ ಹೇಳದೆ ಹಿತ್ತಲಿಗೆ ಹೋಗಿ, ಎಳೆ ಎಲೆ ಆರಿಸಿ, ತಾವೇ ಪಲ್ಯ ಮಾಡಿ ಬಟ್ಟಲಲ್ಲಿ ತಂದರು.

"ತಿನ್ನೇ ತಾಯಿ, ತಪ್ಪಾಯ್ತು."

ಕೈ ಹಾಕಬೇಕು, ಅಷ್ಟರಲ್ಲಿ ಮಗುವಿಗೆ ನೀರೆರೆಯಲು ಬಂದಿದ್ದ ಸೂಲಗಿತ್ತಿ ಬಟ್ಟಲು ಕಿತ್ತುಕೊಂಡಳು. "ಬಾಣಂತಿಗೆ ಕೋಸಿನ ಸೊಪ್ಪಾ? ವಾಯು ಆಗಿ ಕೂಸು ಹೊಟ್ಟೆನೋವು ಅಂತ ಅಳ್ತದೆ. ಬುದ್ಧಿ ಇದ್ಯಾ ನಿಮ್ಗೆ?"

ಮಾಡಿದ್ದನ್ನು ಬಿಸಾಡುವ ಹಾಗಿಲ್ಲ, ಬೆಳ್ಳುಳ್ಳಿ ಬಿದ್ದದ್ದನ್ನು ಹಸುವಿಗೆ ಹಾಕುವ ಹಾಗಿಲ್ಲ, ಹಾಲು ವಾಸನೆ ಬರುತ್ತದೆ. ಅತ್ತೆ ನನ್ನ ಮಂಚದ ಪಕ್ಕದಲ್ಲೇ ಕೂತು ತಿಂದರು.

"ಹೇಗಿದೆ ಅತ್ತೆ?"

"ಉಪ್ಪು ಸ್ವಲ್ಪ ಕಮ್ಮಿ" ಎಂದರು. ಉಪ್ಪು ಹಾಕಿಕೊಳ್ಳಲಿ ಎಂದು ಬಗ್ಗಿ ನೋಡಿದರೆ ಬಟ್ಟಲಲ್ಲಿ ಏನೂ ಉಳಿದಿರಲಿಲ್ಲ.