ಹಕಾರ ಇಲ್ಲದ ಫೈಲು

ಕಳೆದ ಭಾನುವಾರ ಕೆ.ಆರ್.ಪೇಟೆಯಲ್ಲಿ ನಮ್ಮಕ್ಕನಿಗೂ ಒಂದು ಹಳೇ ಕಂಪ್ಯೂಟರಿಗೂ ಜಗಳ ಬಿತ್ತು. ಇಡೀ ಮಧ್ಯಾಹ್ನ ಕಂಪ್ಯೂಟರೇ ಗೆಲ್ಲುತ್ತಿತ್ತು.

ಅಕ್ಕ ಜಯಮ್ಮನದು ಮೊದಲು ಟೈಪಿಂಗ್ ಇನ್‌ಸ್ಟಿಟ್ಯೂಟ್. ಈಗ ಟೈಪಿಂಗ್ ಯಾರಿಗೆ ಬೇಕು? ನಾಲ್ಕು ಕಂಪ್ಯೂಟರ್ ತಂದು ಬೋರ್ಡು ಬದಲಿಸಿದಳು. ಅಷ್ಟರಲ್ಲಿ ಬಸ್‌ಸ್ಟ್ಯಾಂಡ್ ಹತ್ತಿರ ಇನ್ನೊಂದು ಸೆಂಟರ್ ತೆರೆಯಿತು. ಅಲ್ಲಿ ಎಲ್ಲ ಕಂಪ್ಯೂಟರಿಗೂ ಇಂಟರ್‌ನೆಟ್ ಇದೆಯಂತೆ. ಅಕ್ಕನ ಹತ್ತಿರ ಇರುವುದು ಒಂದೇ ಫೋನ್ ಲೈನ್, ಹಾಗಾಗಿ ಒಂದಕ್ಕೆ ಮಾತ್ರ. ಸಂತೆಬಾಚಹಳ್ಳಿ ಕಡೆಯಿಂದ ಬರುವ ಹುಡುಗಿಯರು, ಈ ವಾರ ನೆಟ್ ಬರದಿದ್ದರೆ ನಾವು ಅಲ್ಲಿಗೇ ಸೇರುತ್ತೇವೆ ಎಂದಿದ್ದರು. ಅವರು ಹೋದರೆ ಸೆಂಟರಿಗೆ ಬೀಗವೇ.

ಇದಕ್ಕೆ ಮದ್ದು ಇದ್ದದ್ದು ಪಾಂಡವಪುರದ ನನ್ನ ಗೆಳೆಯ ಪುಟ್ಟರಾಜುವಿನ ಹತ್ತಿರ. ಮೂಲೆ ಸೇರಿದ ಹಳೇ ಕಂಪ್ಯೂಟರನ್ನು ರೂಟರ್ ಮಾಡುವ ಸಾಫ್ಟ್‌ವೇರ್. (ರೂಟರ್ ಅಂದರೆ ಒಂದೇ ಲೈನಿನ ಇಂಟರ್‌ನೆಟ್ಟನ್ನು ಎಲ್ಲರಿಗೂ ಹಂಚುವ ಯಂತ್ರ. ನಾಲೆಯ ತೂಬು ಅಂದುಕೊಳ್ಳಿ.) ಪುಕ್ಕಟೆ ಸಿಗುತ್ತದೆ, ಒಳಗಿರುವುದನ್ನು ಯಾರು ಬೇಕಾದರೂ ತೆಗೆದು ತಿದ್ದಬಹುದು. ಆದರೆ ನಿಮ್ಮ ಯಂತ್ರಕ್ಕೆ ತಕ್ಕಂತೆ ಅದನ್ನು ನೀವೇ ಕಟ್ಟಿಕೊಳ್ಳಬೇಕು. ಜೊತೆಗೆ ಬರುವ ಇಂಗ್ಲಿಷ್ ವಿವರಣೆಯೋ, ಮೊದಲೇ ಕಟ್ಟಿ ಗೊತ್ತಿದ್ದವರಿಗಾಗಿ ಬರೆದದ್ದು. ಗೊತ್ತಿದ್ದವರಿಗೆ ವಿವರಣೆ ಯಾಕೆ?

ಸರಿ, ಅವನು ಫ್ಲಾಪಿ ಕಳಿಸಿ ಫೋನಿನಲ್ಲಿ ಹೇಳುತ್ತಾ ಹೋದ, ಅಕ್ಕ ಟೈಪ್ ಮಾಡುತ್ತಾ ಹೋದಳು. ಶ್ರೀರಂಗಪಟ್ಟಣದಿಂದ ಹೋಗಿದ್ದ ನಾನು ಪಕ್ಕದಲ್ಲಿ ಕಾಫಿ ಕುಡಿಯುತ್ತಿದ್ದೆ. ಶುರುವಿನಲ್ಲೇ ‘ಯೂಸರ್’ ಪದವನ್ನು ‘ಇ’ ಬಿಟ್ಟು ಹೊಡೆಯಬೇಕು ಅಂದನಂತೆ. ಯಾಕೆ ಅಂತ ಇವಳು ಕೇಳಿದರೆ, ಅದು ಹಾಗೇ, ಕೇಳಬೇಡ ಅಂದನಂತೆ.

ಆಮೇಲೆ ಇನ್ನೊಂದು ಫೈಲಿನ ಹೆಸರು ಹೇಳಿದ. ಅಕ್ಕ ಹೊಡೆದಳು. ಅಂಥ ಫೈಲೇ ಇಲ್ಲ ಅಂದಿತು ಕಂಪ್ಯೂಟರ್. ಮತ್ತೆ ಹೇಳಿದ, ಮತ್ತೆ ಹೊಡೆದಳು, ಮತ್ತೆ ಇಲ್ಲ. ಫ್ಲಾಪಿ ಕೆಟ್ಟಿದೆ ಅಂತ ಇವಳು, ಸರಿಯಾಗಿ ನೋಡಿ ಹೊಡಿಯಕ್ಕ ಅಂತ ಅವನು. ಕೊನೆಗೆ ಅಕ್ಕನ ಕಣ್ಣಲ್ಲಿ ನೀರೇ ಬಂತು.

ಎದ್ದು ಪರದೆ ನೋಡಿದೆ. ಫ್ಲಾಪಿಯಲ್ಲಿ ಇದ್ದ ಫೈಲು ‘ಹೋಸ್ಟ್’. ಅಕ್ಕ ಹೊಡೆದದ್ದು ‘ಓಸ್ಟ್’.

ಮಂಡ್ಯ ಸೀಮೆಯ ಬಾಯಲ್ಲಿ ‘ಹ’ ಎಲ್ಲಿ ನಿಲ್ಲುತ್ತದೆ? ಅವನು ಓಸ್ಟ್ ಅಂದ, ಇವಳು ‘ಎಚ್’ ಇಲ್ಲದೆ ಓಸ್ಟ್ ಹೊಡೆದಳು. ‘ಇ’ ನುಂಗಿದ ಕಂಪ್ಯೂಟರಿನವರು ‘ಎಚ್’ ನುಂಗಿರಬಾರದಾ?

ನಾನು ನಕ್ಕು, ಫೋನ್ ತಗೊಂಡು, ಅಕ್ಷರ ಬಿಡಿಸಿ ಹೇಳಿಕೊಡಯ್ಯಾ ಅಂದೆ. ಪುಟ್ಟರಾಜು ನಗಲಿಲ್ಲ.

“ಬ್ಯಾಡ ಕಣ್ಲಾ. ಇವತ್ತು ಜಯಕ್ಕ ಅಳ್ತಾವ್ಳೆ, ನಾಳೆ ನಾಗಮಂಗಲದಲ್ಲಿ ಇನ್ನೊಬ್ರು ಇಂಗೇ ಅಳ್ತಾರೆ. ಫೈಲ್ ಎಸ್ರನ್ನೇ ಬದ್ಲಾಯಿಸ್ಬುಡ್ತೀನಿ.”

ಮಾರನೇ ದಿನ ಬಸ್ಸಿನಲ್ಲಿ ಹೊಸ ಫ್ಲಾಪಿ ಬಂತು, ಜೊತೆಗೆ ಕನ್ನಡದಲ್ಲಿ ಬರೆದ ಒಂದು ಹಾಳೆ. ಸೆಂಟರ್ ಒಳಗಿನ ಕಂಪ್ಯೂಟರುಗಳ ‘ಹೋಸ್ಟ್’ ಫೈಲಿಗೆ ಈಗ ‘ಮನೆ’ ಅಂತ ಹೆಸರು, ಹೊರಗಿನ ಫೋನ್ ಲೈನಿನದಕ್ಕೆ ‘ಬೀದಿ’. ಅಕ್ಕ ಯಾರನ್ನೂ ಕೇಳದೆ ತಾನೇ ಕಟ್ಟಿದಳು. ನಾಲ್ಕೂ ಕಂಪ್ಯೂಟರಿಗೆ ನೆಟ್ ಬಂತು. (ಆಮೆಯ ಹಾಗೆ ಬಂತು, ಆದರೆ ಬಂತು.) ಹುಡುಗಿಯರು ಎಲ್ಲೂ ಹೋಗಲಿಲ್ಲ. ನನಗಂತೂ ಎಷ್ಟು ಖುಷಿಯಾಯಿತೆಂದರೆ, ಸಿಕ್ಕಿದವರಿಗೆಲ್ಲ ಇದೇ ಕತೆ.

ಮೊನ್ನೆ ಬಸ್ಸಿನಲ್ಲಿ ಸಿಕ್ಕ ಪರಿಚಯದ ಎಂಜಿನಿಯರ್ ಒಬ್ಬರಿಗೂ ಹೇಳಿದೆ. ಅವರು ಮುಖ ಸಿಂಡರಿಸಿದರು. ಹೀಗೆ ಎಲ್ಲವನ್ನೂ ಸುಲಭ ಮಾಡಿಕೊಟ್ಟರೆ ಜನ ಕಲಿಯುವುದು ಯಾವಾಗ ಅಂದರು.

ಏನನ್ನು ಸ್ವಾಮಿ? ರೂಟರ್ ಕಟ್ಟುವುದನ್ನೋ, ‘ಹ’ ಅನ್ನುವುದನ್ನೋ?